ಅಮಾವಾಸ್ಯೆಗೊಮ್ಮೆ ಧಾರವಾಡಕ್ಕೆ ಹೋಗುವ ಹಾರ್ಡ್ ಡಿಸ್ಕ್

ಕಳೆದ ನವೆಂಬರಿನಲ್ಲಿ, ಗದಗಿನ ನಮ್ಮ ಪ್ರೆಸ್ಸಿನಲ್ಲಿ ಕ್ಯಾಲೆಂಡರ್ ಕೆಲಸ ತಲೆಯ ಮೇಲೆ ಕುಳಿತಿದ್ದಾಗ, ಒಂದು ಸಂಜೆ ಕರೆಂಟ್ ಹೋಗಿ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಮೂರನೆಯ ಸಲ ಬಂದಾಗ ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಡಬ್ಬಿಯಿಂದ ಸುಟ್ಟ ವಾಸನೆ. ಯುಪಿಎಸ್ ಇತ್ತು, ಆದರೆ ಅದರ ಬ್ಯಾಟರಿಗೆ ಮೂರು ವರ್ಷ ದಾಟಿತ್ತು. ಒಳಗಿನ ಹಾರ್ಡ್ ಡಿಸ್ಕ್ ಸತ್ತಿತ್ತು. ಆ ಹೊತ್ತಿಗೆ ದಿನದ ಬ್ಯಾಕಪ್ ತೆಗೆಯಲೆಂದು ಜೋಡಿಸಿದ್ದ ಪೋರ್ಟಬಲ್ ಡಿಸ್ಕ್ ಕೂಡ ಅದರ ಜೊತೆಗೇ ಹೋಯಿತು.

ಮರುದಿನ ಬೆಳಗಿನ ಬಸ್ಸಿಗೆ ಧಾರವಾಡಕ್ಕೆ ಹೋದೆ. ಅಕ್ಕನ ಮನೆಯ ಕಬ್ಬಿಣದ ಕಪಾಟಿನಲ್ಲಿ, ಅವಳ ರೇಷ್ಮೆ ಸೀರೆಗಳ ಹಿಂದೆ, ನನ್ನ ಎರಡನೆಯ ಡಿಸ್ಕ್ ಇತ್ತು. ಹನ್ನೊಂದು ದಿನ ಹಳೆಯದು. ಆ ಹನ್ನೊಂದು ದಿನಗಳ ಕೆಲಸದಲ್ಲಿ ಬಹುಪಾಲು ಗ್ರಾಹಕರಿಗೆ ಕಳಿಸಿದ್ದ ಪ್ರೂಫ್‌ಗಳಿಂದಲೇ ಮರಳಿ ಸಿಕ್ಕಿತು. ಉಳಿದದ್ದನ್ನು ಎರಡು ರಾತ್ರಿ ಕುಳಿತು ಮತ್ತೆ ಮಾಡಿದೆ. ನಾಲ್ಕನೆಯ ದಿನ ಪ್ಲೇಟ್ ಮಷಿನ್ನಿಗೆ ಏರಿತು. ಒಂದು ಆರ್ಡರೂ ಕೈ ತಪ್ಪಲಿಲ್ಲ.

ಇದನ್ನು ಬರೆಯಲು ಕಾರಣ, ನಾಲ್ಕು ವರ್ಷಗಳಿಂದ ನಮ್ಮ ಓಣಿಯ ಪ್ರೆಸ್ಸಿನವರೆಲ್ಲ ನನಗೆ ಒಂದೇ ಮಾತು ಹೇಳುತ್ತಿದ್ದರು: "ಒಂದು ಡಿಸ್ಕ್ ಸಾಲದೇ? ಅದನ್ನು ಹೊತ್ತುಕೊಂಡು ಧಾರವಾಡಕ್ಕೆ ಹೋಗುವುದೇಕೆ?" ಮುದ್ರಣ ಕಾಶಿ ಎಂದು ಕರೆಸಿಕೊಂಡ ಊರು ನಮ್ಮದು. ಇಲ್ಲಿ ಹಳೆಯ ಫೈಲೇ ಬಂಡವಾಳ. ಐದು ವರ್ಷದ ಹಿಂದೆ ಹಿರಿಯ ಮಗಳ ಮದುವೆ ಕಾರ್ಡ್ ಮಾಡಿಸಿದವರು ಕಿರಿಯ ಮಗಳಿಗೂ ಅದೇ ಚೌಕಟ್ಟು ಬೇಕು ಎನ್ನುತ್ತಾರೆ. ನಮ್ಮ ತಂದೆಯವರು ಅಚ್ಚುಮೊಳೆಯ ಕಾಲದಲ್ಲಿ ಪ್ರತಿ ವರ್ಷ ಬರುವ ಜಾತ್ರೆಯ ಪಾವತಿ ಪುಸ್ತಕದ ಪುಟವನ್ನು ಬಿಚ್ಚುತ್ತಲೇ ಇರಲಿಲ್ಲ. ದಾರದಿಂದ ಬಿಗಿದು, ಕಾಗದದಲ್ಲಿ ಸುತ್ತಿ, ಹಲಗೆಯ ಮೇಲೆ ಇಡುತ್ತಿದ್ದರು. ಮರುವರ್ಷ ಇಸವಿಯ ಒಂದು ಮೊಳೆ ಬದಲಿಸಿದರೆ ಮುಗಿಯಿತು. ನಾನು ಕಾಯುವುದೂ ಅಂಥದ್ದನ್ನೇ.

ಮೊದಲು ಡಿವಿಡಿ ಬರೆದಿಡುತ್ತಿದ್ದೆ. ಒಂದರಲ್ಲಿ ನಾಲ್ಕೂವರೆ ಜಿಬಿ ಹಿಡಿಯುತ್ತಿತ್ತು. ಏಳೆಂಟು ವರ್ಷದ ಮೇಲೆ ತೆಗೆದು ನೋಡಿದರೆ ಐದರಲ್ಲಿ ಒಂದು ಓದುತ್ತಿರಲಿಲ್ಲ. 2012ರಲ್ಲಿ ಮೊದಲ ಪೋರ್ಟಬಲ್ ಡಿಸ್ಕ್ ಕೊಂಡೆ. ಹಿಂದಿನ ವರ್ಷ ಥಾಯ್ಲೆಂಡಿನ ಕಾರ್ಖಾನೆಗಳಿಗೆ ಪ್ರವಾಹದ ನೀರು ನುಗ್ಗಿ ಹಾರ್ಡ್ ಡಿಸ್ಕ್ ಬೆಲೆ ಎಲ್ಲೆಡೆ ಏರಿದ್ದ ಕಾಲ. 500 ಜಿಬಿಗೆ ಐದು ಸಾವಿರದ ಆಸುಪಾಸು ಕೊಟ್ಟ ನೆನಪು. ದುಬಾರಿ ವಸ್ತು ಎಂದು ಅದರ ಮೇಲೆ ಅತಿಯಾದ ನಂಬಿಕೆ ಇಟ್ಟೆ. ಜಾಗ ಉಳಿಸಲು ಕಂಪ್ಯೂಟರಿನಲ್ಲಿದ್ದ ಮೂಲ ಫೈಲುಗಳನ್ನು ಅಳಿಸಿಬಿಟ್ಟೆ. ಹುಡುಗನ ಕಾಲಿಗೆ ವೈರ್ ಸಿಕ್ಕಿ, ಓಡುತ್ತಿದ್ದ ಡಿಸ್ಕ್ ಮೇಜಿನಿಂದ ಬಿತ್ತು. ಟಿಕ್, ಟಿಕ್, ಟಿಕ್. ಹುಬ್ಬಳ್ಳಿಯಲ್ಲಿ ಒಬ್ಬರು ಡೇಟಾ ತೆಗೆದುಕೊಡಲು ಹದಿನೆಂಟು ಸಾವಿರ ಕೇಳಿದರು, ಕೊಟ್ಟೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಂತು, ಅದೂ ಫೈಲಿನ ಹೆಸರುಗಳಿಲ್ಲದೆ. ಯಾವ ಕಾರ್ಡ್ ಯಾರದೆಂದು ತೆರೆದು ತೆರೆದು ನೋಡಲು ಎರಡು ತಿಂಗಳು ಹಿಡಿಯಿತು.

ಎರಡನೆಯ ಪೆಟ್ಟು ಇನ್ನೂ ಕೆಟ್ಟದ್ದು, ಏಕೆಂದರೆ ಯಾವ ಡಿಸ್ಕೂ ಕೆಟ್ಟಿರಲಿಲ್ಲ. ವಿಂಡೋಸ್‌ನ ನಕಲು ಮಾಡುವ ಸಾಧನ ರೋಬೋಕಾಪಿಯಲ್ಲಿ, ನಕಲನ್ನು ಮೂಲದ ಪಡಿಯಚ್ಚಾಗಿಸುವ ಎಂಐಆರ್ ಸೂಚನೆ ಹಾಕಿ ರಾತ್ರಿ ತಾನಾಗಿಯೇ ನಕಲಾಗುವಂತೆ ಮಾಡಿಕೊಂಡಿದ್ದೆ. ವಿಂಡೋಸ್ ಮತ್ತೆ ಹಾಕಿಸಿದಾಗ ಡ್ರೈವಿನ ಅಕ್ಷರಗಳು ಅದಲುಬದಲಾದವು. ಕೆಲಸದ ಫೈಲುಗಳಿದ್ದ ಅಕ್ಷರಕ್ಕೆ ಖಾಲಿ ಪಾರ್ಟಿಷನ್ ಬಂದು ಕುಳಿತಿತು, ನಕಲಿನ ಅಕ್ಷರಕ್ಕೆ ಹಳೆಯ ವರ್ಷಗಳನ್ನು ಇಟ್ಟಿದ್ದ ಡಿಸ್ಕಿನ ಭಾಗ. ರೋಬೋಕಾಪಿ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತು: ಮೂಲ ಖಾಲಿ ಇದೆಯಲ್ಲ, ನಕಲನ್ನೂ ಖಾಲಿ ಮಾಡಿತು. ಮೂಲ ಬೇರೆ ಅಕ್ಷರದಲ್ಲಿ ಉಳಿದಿದ್ದರಿಂದ ಆ ವರ್ಷದ ಕೆಲಸ ಬದುಕಿತು. ಡಿಸ್ಕಿನಲ್ಲಿ ಮಾತ್ರ ಇದ್ದ ಹಳೆಯ ವರ್ಷಗಳು ಅಳಿಸಿಹೋದವು. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಓಡಿಸಿ ಮುಕ್ಕಾಲು ಪಾಲು ತಂದೆ. ಅಂದಿನಿಂದ ಎಂಐಆರ್ ಬಳಸಿಲ್ಲ. ಈಗ ನಕಲಿನ ಸೂಚನೆಗಳನ್ನು ಬರೆದಿಟ್ಟ ನನ್ನ ಬ್ಯಾಚ್ ಫೈಲ್ ಏನನ್ನೂ ಅಳಿಸುವುದಿಲ್ಲ, ಸೇರಿಸುತ್ತದೆ ಮಾತ್ರ. ಶುರುವಾಗುವ ಮೊದಲು ಮೂಲದಲ್ಲಿ ಒಂದು ಗುರುತಿನ ಫೈಲ್ ಇದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಆ ಬ್ಯಾಚ್ ಫೈಲಿನ ಪೂರ್ತಿ ಸಾಲುಗಳನ್ನು ಇಲ್ಲಿ ಕೊಡುವುದಿಲ್ಲ. ಗ್ರಾಹಕರ ಫೋಲ್ಡರ್ ಹೆಸರಿಡುವ ನನ್ನ ಪದ್ಧತಿ ಅದರಲ್ಲೇ ಇದೆ, ಅದು ನಮ್ಮ ಪ್ರೆಸ್ಸಿನ ಸ್ವತ್ತು.

ಈಗ ಕೊಳ್ಳುವ ವಿಚಾರ. ನನ್ನವು ಎರಡೂ 2 ಟಿಬಿ, ಬೇರೆ ಬೇರೆ ಕಂಪನಿ, ಬೇರೆ ಬೇರೆ ತಿಂಗಳು, ಬೇರೆ ಬೇರೆ ಅಂಗಡಿ. ಒಂದೇ ಪೆಟ್ಟಿಗೆಯಿಂದ ಬಂದ ಅವಳಿಗಳು ಒಂದೇ ಸಮಯಕ್ಕೆ ಕೈಕೊಡಬಾರದಲ್ಲ. ಎರಡಕ್ಕೂ ಸೇರಿ ಹನ್ನೆರಡು ಸಾವಿರದ ಹತ್ತಿರ ಆಯಿತು. ಮೂರು ವರ್ಷದ ವಾರಂಟಿಗೆ ಹಂಚಿದರೆ ತಿಂಗಳಿಗೆ ಮುನ್ನೂರೈವತ್ತರ ಒಳಗೆ. ವಾರಂಟಿ ಡಿಸ್ಕಿಗೆ ಮಾತ್ರ, ಒಳಗಿನ ಫೈಲಿಗಲ್ಲ ಎಂಬುದನ್ನು ಹದಿನೆಂಟು ಸಾವಿರ ಕೊಟ್ಟವನು ಮರೆಯುವುದಿಲ್ಲ.

ಈ ಚಿಕ್ಕ ಡಿಸ್ಕುಗಳಲ್ಲಿ, ಅದರಲ್ಲೂ ದೊಡ್ಡ ಸಾಮರ್ಥ್ಯದವುಗಳಲ್ಲಿ, ಹೆಚ್ಚಿನವು ಎಸ್‌ಎಂಆರ್ ಬಗೆಯವು. ಹೆಂಚು ಹೊದಿಸಿದಂತೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಬರೆಯುತ್ತವೆ. ಮೊದಲ ಮೂವತ್ತು ನಲವತ್ತು ಜಿಬಿ ಸೆಕೆಂಡಿಗೆ ನೂರು ಎಂಬಿಯಲ್ಲಿ ಓಡಿ, ಆಮೇಲೆ ಹದಿನೈದಕ್ಕೆ ಇಳಿದಾಗ ನಾನು ಡಿಸ್ಕ್ ಕೆಟ್ಟಿತೆಂದು ವಾಪಸ್ ಕೊಡಲು ಹೊರಟಿದ್ದೆ. ಕೆಟ್ಟಿರಲಿಲ್ಲ. ಚಿಕ್ಕ ಚಿಕ್ಕ ಫೈಲುಗಳು ಲಕ್ಷಗಟ್ಟಲೆ ಇದ್ದರೆ ಇನ್ನೂ ನಿಧಾನ. ಅದಕ್ಕೆ ಮುಗಿದ ವರ್ಷವನ್ನು ವಿನ್‌ರಾರ್‌ನಲ್ಲಿ ಒಂದೇ ಗಂಟು ಕಟ್ಟುತ್ತೇನೆ, ಶೇಕಡಾ 5ರಷ್ಟು ರಿಕವರಿ ರೆಕಾರ್ಡ್ ಸೇರಿಸಿ. ನಡುವೆ ಸ್ವಲ್ಪ ಭಾಗ ಹಾಳಾದರೂ ಗಂಟು ಬಿಚ್ಚುತ್ತದೆ. ಬೇಕೆಂದೇ ಒಂದು ನಕಲನ್ನು ಅಲ್ಲಲ್ಲಿ ಕೆಡಿಸಿ ಪರೀಕ್ಷಿಸಿದ್ದೇನೆ, ಬಿಚ್ಚಿತು.

ಹೊಸ ಡಿಸ್ಕನ್ನು ಮೊದಲ ವಾರ ನಂಬುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ ಅಂಚಿನವರೆಗೆ ತುಂಬಿಸಿ, ಪೂರ್ತಿ ಓದಿಸಿ, ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ, ಕೆಟ್ಟ ಮತ್ತು ಕೆಟ್ಟಿರಬಹುದಾದ ಜಾಗಗಳ ಲೆಕ್ಕ ಹೇಳುವ 05 ಮತ್ತು ಸಿ5 ಸಾಲು ನೋಡುತ್ತೇನೆ. ಎರಡೂ ಸೊನ್ನೆ ಇರಬೇಕು. ಒಂದೂವರೆ ಸಾವಿರಕ್ಕೆ 16 ಟಿಬಿ ಎಂದು ಮಾರುವ ಡಬ್ಬಿಯೊಂದನ್ನು ಗೆಳೆಯ ತರಿಸಿದ್ದ. ಇದೇ ಪರೀಕ್ಷೆಯಲ್ಲಿ 60 ಜಿಬಿ ದಾಟುವಷ್ಟರಲ್ಲಿ ಅದರ ಬಣ್ಣ ಬಯಲಾಯಿತು. ಇನ್ನೊಂದು ಮಾತು: ಟಿಕ್ ಟಿಕ್ ಸದ್ದು ಕೇಳಿದ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಹಳೆಯ ಕ್ಯಾಬಿನೆಟ್ಟಿನ ಮುಂಭಾಗದ ಯುಎಸ್‌ಬಿಯಲ್ಲಿ ಕರೆಂಟ್ ಸಾಲದಿದ್ದರೂ ಡಿಸ್ಕ್ ಹಾಗೆಯೇ ಸದ್ದು ಮಾಡುತ್ತದೆ. ಹಿಂಭಾಗಕ್ಕೆ, ಗಿಡ್ಡ ಕೇಬಲಿನಲ್ಲಿ ಹಾಕಿ ನೋಡಿ.

ಇಂಟರ್ನೆಟ್ ಮೂಲಕ ಬೇರೆಡೆ ಫೈಲ್ ಇಡುವ ಕ್ಲೌಡ್ ಪ್ರಯತ್ನಿಸಿಲ್ಲವೆಂದಲ್ಲ. 600 ಜಿಬಿ ಏರಿಸಲು ನಮ್ಮ ಲೈನಿನ ವೇಗಕ್ಕೆ ಲೆಕ್ಕದಲ್ಲಿ ಆರು ದಿನ ಬೇಕಿತ್ತು, ಹಿಡಿದದ್ದು ಮೂರು ವಾರ. ಈಗ ಚಾಲ್ತಿ ಕೆಲಸ ಮಾತ್ರ ಅಲ್ಲಿಗೆ ಹೋಗುತ್ತದೆ. ತಿರುಗುವ ತಟ್ಟೆಯಿಲ್ಲದ, ಚಿಪ್‌ನಲ್ಲೇ ಬರೆದಿಡುವ ಪೋರ್ಟಬಲ್ ಎಸ್‌ಎಸ್‌ಡಿ ಒಂದಿದೆ, ಬಿದ್ದರೂ ಹೆದರಿಕೆಯಿಲ್ಲ, ಓಡಾಟಕ್ಕೆ ಒಳ್ಳೆಯದು. ಆದರೆ ವರ್ಷಗಟ್ಟಲೆ ಕರೆಂಟ್ ಕಾಣದೆ, ನಮ್ಮ ಏಪ್ರಿಲ್ ಬಿಸಿಲಿನ ಸೆಕೆಯಲ್ಲಿ ಕಪಾಟಿನಲ್ಲಿ ಮಲಗುವ ಕೆಲಸವನ್ನು ನಾನು ಅದಕ್ಕೆ ಒಪ್ಪಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಅಳಿಯನ ಲ್ಯಾಪ್‌ಟಾಪ್. ಬ್ಯಾಕಪ್ ಸರಿಯಿದೆಯೇ ನೋಡೋಣವೆಂದು ಡಿಸ್ಕನ್ನು ಅದಕ್ಕೆ ಹಾಕಿದೆ. ಫೈಲುಗಳೆಲ್ಲ ಇದ್ದವು, ತೆರೆದವು, ಆದರೆ ಕನ್ನಡದ ಒಂದಕ್ಷರವೂ ಇಲ್ಲ, ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ರಾಶಿ. ಹಳೆಯ ನುಡಿ, ಶ್ರೀಲಿಪಿ ಫಾಂಟ್‌ಗಳು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಸಂಕೇತದವಲ್ಲವಲ್ಲ. ಆ ಫಾಂಟ್ ಇಲ್ಲದೆ ಆ ಫೈಲಿಗೆ ಅರ್ಥವಿಲ್ಲ. ಅಂದಿನಿಂದ ಫಾಂಟ್ ಫೋಲ್ಡರ್, ಪುಟ ಜೋಡಿಸುವ ಪೇಜ್‌ಮೇಕರ್ 7ರ ಸೆಟಪ್, ಬಣ್ಣದ ಪ್ರೊಫೈಲ್ ಎಲ್ಲವೂ ಎರಡೂ ಡಿಸ್ಕಿನಲ್ಲಿವೆ. ಪ್ರತಿ ಮುಗಿದ ಕೆಲಸಕ್ಕೂ ಒಂದು ಪಿಡಿಎಫ್, ಫಾಂಟ್ ಅದರೊಳಗೇ ಸೇರಿಸಿ. ನವೆಂಬರಿನಲ್ಲಿ ಹೊಸ ಕಂಪ್ಯೂಟರ್ ಒಂದೇ ದಿನದಲ್ಲಿ ಕೆಲಸಕ್ಕೆ ನಿಂತದ್ದು ಇದರಿಂದ.

ಅಮಾವಾಸ್ಯೆ ಏಕೆ ಎಂದು ಕೇಳುತ್ತಾರೆ. ಅಂದು ಮಷಿನ್ನಿಗೆ ಪೂಜೆ, ಕೆಲಸ ಬಿಡುವು. ತಾರೀಖು ನೆನಪಿಡಬೇಕಿಲ್ಲ, ಮನೆಯವರೇ ನೆನಪಿಸುತ್ತಾರೆ. ಗದಗಿನ ಡಿಸ್ಕನ್ನು ಸಿಲಿಕಾ ಜೆಲ್ ಪುಡಿಕೆಯೊಂದಿಗೆ ಸ್ಟೀಲ್ ಡಬ್ಬಿಯಲ್ಲಿಟ್ಟು ಒಯ್ಯುತ್ತೇನೆ, ಅಕ್ಕನ ಮನೆಯದನ್ನು ತರುತ್ತೇನೆ. ಬರುವಾಗ ಹುಬ್ಬಳ್ಳಿಯಲ್ಲಿ ಕಾಗದದ ಖರೀದಿಯೂ ಮುಗಿಯುತ್ತದೆ. ಎರಡೂ ಡಿಸ್ಕ್ ಒಂದೇ ಸೂರಿನಡಿ ಎಂದೂ ರಾತ್ರಿ ಕಳೆಯುವುದಿಲ್ಲ. ಸುಟ್ಟುಹೋದದ್ದರ ಬದಲಿಗೆ ಹೊಸದು ಬರುವ ತನಕ ಅಕ್ಕನ ಡಿಸ್ಕನ್ನು ಮನೆಯಲ್ಲಿ ಇಟ್ಟುಕೊಳ್ಳದೆ, ನಕಲು ಮುಗಿಸಿ ಮರುದಿನವೇ ಧಾರವಾಡಕ್ಕೆ ಒಯ್ದುಕೊಟ್ಟೆ.

ಹೋದ ತಿಂಗಳು ಪಕ್ಕದ ಪ್ರೆಸ್ಸಿನ ಕಾಕಾ ತಮ್ಮ ಡಿಸ್ಕ್ ತಂದು, "ಇದನ್ನೂ ನಿನ್ನ ಡಬ್ಬಿಯಲ್ಲಿ ಒಯ್ಯಪ್ಪ" ಎಂದರು. ಮೊದಲು ಜೋಡಿಸಿ ನೋಡಿದೆ. ಸಿ5 ಸಾಲಿನಲ್ಲಿ ಇಪ್ಪತ್ತನಾಲ್ಕು ಇತ್ತು. "ಕಾಕಾ, ಇದು ಧಾರವಾಡ ಮುಟ್ಟುವ ಡಿಸ್ಕ್ ಅಲ್ಲ, ಇವತ್ತೇ ಹೊಸದು ತರಿಸಿ" ಎಂದೆ. ತರಿಸಿದ್ದಾರೆ. ಈಗ ನನ್ನ ಮೇಜಿನ ಮೇಲೆ ಅದು ಅಂಚಿನವರೆಗೆ ತುಂಬುತ್ತಿದೆ, ಅಮಾವಾಸ್ಯೆಗೆ ಇನ್ನೂ ಆರು ದಿನ ಇದೆ.