ವಾಲ್ವ್ ಆ್ಯಂಪ್ಲಿಫೈಯರ್ ಕಿಟ್: ಮೊದಲು ಮೀಟರ್ ಹಿಡಿಯಿರಿ, ಆಮೇಲೆ ಕೆಪಾಸಿಟರ್ ಬದಲಿಸಿ

ವಾಲ್ವ್ ಆ್ಯಂಪ್ಲಿಫೈಯರ್ (ಟ್ರಾನ್ಸಿಸ್ಟರ್ ಬದಲು ಗಾಜಿನ ನಿರ್ವಾತ ಕೊಳವೆಗಳಿಂದ ಸದ್ದು ಹೆಚ್ಚಿಸುವ ಯಂತ್ರ) ಕಿಟ್ ತರಿಸಿಕೊಂಡವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ಯಾವ ಕೆಪಾಸಿಟರ್ ಹಾಕಿದರೆ ನಾದ ಚೆನ್ನಾಗಿರುತ್ತೆ?’ ಎಂಬುದು. ಅದಕ್ಕೆಂದೇ ಸಾವಿರಾರು ರೂಪಾಯಿ ಸುರಿಯುವವರೂ ಇದ್ದಾರೆ. ಆದರೆ ಮೈಸೂರಿನ ಮನೆಯಲ್ಲಿ ಕೂತು ಕಿಟ್ ಕಟ್ಟುವವರು ಮೊದಲು ನೋಡಬೇಕಾದ್ದು ಗೋಡೆಯ ಪ್ಲಗ್‌ನಲ್ಲಿ ಎಷ್ಟು ವೋಲ್ಟ್ ಬರುತ್ತಿದೆ ಎಂಬುದನ್ನು. ಅದನ್ನು ಸರಿಮಾಡಿಕೊಂಡರೆ ವಾಲ್ವ್ ಬಾಳಿಕೆ ಬರುತ್ತದೆ. ಆಮೇಲೆ ಹಮ್ಮಿಂಗ್, ಅಂದರೆ ಸ್ಪೀಕರಿನಿಂದ ಬರುವ ಗುಂಯ್ ಸದ್ದು, ತೆಗೆಯಬೇಕು. ನಾದದ ಮಾತು ಅದಾದ ಮೇಲೆ.

ಇಲ್ಲಿ ಹೇಳುತ್ತಿರುವುದು ಸ್ಪೀಕರ್ ನಡೆಸುವ ಎರಡು ಇಎಲ್84 ವಾಲ್ವ್, ಅವಕ್ಕೆ ಮೊದಲು ಸಿಗ್ನಲ್ ಹಿಗ್ಗಿಸಿ ಕೊಡುವ ಒಂದು ಇಸಿಸಿ83 ವಾಲ್ವ್ ಇರುವ ಸ್ಟೀರಿಯೊ ಕಿಟ್‌ನ ವಿಷಯ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಒಂದೊಂದು ಚಾನೆಲ್‌ಗೆ 5 ವ್ಯಾಟ್ ಆಸುಪಾಸು ಸಿಗುತ್ತದೆ. ಅಷ್ಟು ಸಾಕಾ ಅನ್ನಿಸಬಹುದು. 90 ಡೆಸಿಬೆಲ್ ಅಥವಾ ಅದಕ್ಕಿಂತ ಜಾಸ್ತಿ ಸೆನ್ಸಿಟಿವಿಟಿಯ (ಕಡಿಮೆ ಪವರ್ ಕೊಟ್ಟರೂ ಜೋರಾಗಿ ನುಡಿಯುವ) ಸ್ಪೀಕರ್ ಇದ್ದರೆ ನಮ್ಮ ಮನೆಗಳ ಹಾಲ್‌ಗೆ ಧಾರಾಳ. ಚೀನಾದ ಕಿಟ್‌ಗಳಲ್ಲಿ ಇಎಲ್84 ಜಾಗದಲ್ಲಿ 6ಪಿ14 ಎಂಬ ಹೆಸರಿನ ವಾಲ್ವ್ ಬರುತ್ತದೆ. ಕೆಲಸ ಅದೇ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕೂಡ ಒಂದು ಕಾಲದಲ್ಲಿ ಇಎಲ್84 ತಯಾರಿಸುತ್ತಿತ್ತು. ಹಳೇ ರೇಡಿಯೊ ರಿಪೇರಿಯವರ ಡಬ್ಬಗಳಲ್ಲಿ ಹುಡುಕಿದರೆ ಈಗಲೂ ಸಿಕ್ಕೀತು. ಸಿಕ್ಕರೆ ಬಿಡಬೇಡಿ.

ಮೈಸೂರಿಗೆ ವಾಲ್ವ್ ಹೊಸದೇನಲ್ಲ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಆಕಾಶವಾಣಿ ಶುರು ಮಾಡಿದಾಗ ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿಯೇ ಇರಲಿಲ್ಲ. ಅದು ಬಂದದ್ದು 1947ರಲ್ಲಿ. ಆ ಬಾನುಲಿ ಮಾತಾಡಿದ್ದು ವಾಲ್ವ್‌ಗಳ ಮೂಲಕವೇ. ಹಾಗಾಗಿ ವಾಲ್ವ್ ಕೆಲಸ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಊರಲ್ಲಿ ಸಿಕ್ಕರೆ ಅವರ ಪಕ್ಕ ಒಂದು ಸಂಜೆ ಕೂತು ಬನ್ನಿ.

ಜೀವದ ಪ್ರಶ್ನೆ

ಇದನ್ನು ಓದದೆ ಮುಂದಕ್ಕೆ ಹೋಗಬೇಡಿ. ಈ ಪೆಟ್ಟಿಗೆಯೊಳಗೆ 250ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಇದನ್ನೇ ಎಚ್‌ಟಿ ಅನ್ನುತ್ತಾರೆ. ಪ್ಲಗ್ ಕಿತ್ತ ಮೇಲೂ ಅದು ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಎಚ್‌ಟಿ ಮತ್ತು ಗ್ರೌಂಡ್ ನಡುವೆ 220 ಕಿಲೊ ಓಮ್, 2 ವ್ಯಾಟ್ ರೆಸಿಸ್ಟರ್ ಒಂದನ್ನು ಕಾಯಂ ಆಗಿ ಬೆಸೆದುಬಿಡಿ. ಒಟ್ಟು 100 ಮೈಕ್ರೊಫ್ಯಾರಡ್ ಇದ್ದರೆ ಎರಡು ನಿಮಿಷದಲ್ಲಿ ಚಾರ್ಜ್ ಪೂರಾ ಇಳಿಯುತ್ತದೆ. 200 ಇದ್ದರೆ ನಾಲ್ಕು ನಿಮಿಷ ಕಾಯಿರಿ. ಕಾದ ಮೇಲೂ ಮಲ್ಟಿಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಆನ್ ಇರುವಾಗ ಅಳೆಯಬೇಕಾದರೆ ಮೀಟರಿನ ಕಪ್ಪು ತಂತಿಯನ್ನು ಮೊದಲೇ ಕ್ಲಿಪ್‌ನಿಂದ ಗ್ರೌಂಡ್‌ಗೆ ಕಚ್ಚಿಸಿ, ಕೆಂಪು ತಂತಿಯನ್ನು ಒಂದೇ ಕೈಯಲ್ಲಿ ಹಿಡಿಯಿರಿ. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ. ಮಕ್ಕಳು ಓಡಾಡುವ ಜಾಗದಲ್ಲಿ ಈ ಕೆಲಸ ಬೇಡ.

ಇನ್ನೊಂದು ಮಾತು ಅರ್ತ್ ಬಗ್ಗೆ. ಅಗ್ರಹಾರ, ಒಂಟಿಕೊಪ್ಪಲಿನಂಥ ಹಳೇ ಬಡಾವಣೆಗಳ ಕೆಲವು ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಆ್ಯಂಪ್ಲಿಫೈಯರಿನ ಲೋಹದ ಚಾಸಿಗೆ (ತಳದ ಚೌಕಟ್ಟಿಗೆ) ಅರ್ತ್ ಕಡ್ಡಾಯ. ಎಲೆಕ್ಟ್ರಿಷಿಯನ್ ಕರೆಸಿ ಖಚಿತಪಡಿಸಿಕೊಳ್ಳಿ. ಅದಾಗುವ ತನಕ ಕಿಟ್ ಬಾಕ್ಸ್ ತೆರೆದು ನೋಡಿ ಖುಷಿಪಡಿ, ಪವರ್ ಮಾತ್ರ ಕೊಡಬೇಡಿ.

ಕಟ್ಟುವುದು

ರೆಸಿಸ್ಟರ್‌ಗಳ ಬಣ್ಣದ ಪಟ್ಟಿ ನಂಬಿ ಕೂರಬೇಡಿ. ಒಂದೊಂದನ್ನೂ ಮೀಟರ್‌ನಲ್ಲಿ ಅಳೆದು, ಬಿಳಿ ಹಾಳೆಗೆ ಚುಚ್ಚಿ ಪಕ್ಕದಲ್ಲಿ ಅದರ ಓಮ್ ಅಳತೆ ಬರೆದಿಡಿ. ಬೋರ್ಡ್ ಮೇಲೆ ಕುಳ್ಳಗಿರುವ ಭಾಗಗಳನ್ನು ಮೊದಲು, ಎತ್ತರದವನ್ನು ಕೊನೆಗೆ ಬೆಸೆಯಿರಿ. ಸೋಲ್ಡರ್ 60/40 (ತವರ 60, ಸೀಸ 40 ಭಾಗ) ಇರಲಿ. ಐರನ್ ತುದಿ ತಂತಿಗೂ ಪ್ಯಾಡ್‌ಗೂ ಒಟ್ಟಿಗೆ ತಾಗಬೇಕು. ಸೋಲ್ಡರ್ ಹರಿದು ಹೊಳೆದರೆ ಸರಿ. ಉಂಡೆ ಕಟ್ಟಿ ಮಂಕಾಗಿ ನಿಂತರೆ ಮತ್ತೆ ಕಾಯಿಸಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಪ್ಲಸ್, ಮೈನಸ್ ಎರಡೆರಡು ಸಲ ನೋಡಿಕೊಳ್ಳಿ. ತಿರುಗುಮುರುಗಾದರೆ ಅದು ಸಿಡಿಯುತ್ತದೆ. ವಾಲ್ವ್ ಸಾಕೆಟ್‌ನ ಪಿನ್‌ಗಳನ್ನು ಅಡಿಯಿಂದ ನೋಡುತ್ತಾ, ಜಾಗ ಬಿಟ್ಟಿರುವ ಕಡೆಯಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಣಿಸಬೇಕು.

ವಾಲ್ವ್ ಒಳಗನ್ನು ಕಾಯಿಸುವ ಹೀಟರಿಗೆ ಹೋಗುವ ತಂತಿಗಳ ವಿಷಯದಲ್ಲಿ ಅವಸರ ಬೇಡ. ಎರಡೂ ಇಎಲ್84 ತಲಾ 0.76 ಆಂಪ್, ಇಸಿಸಿ83 0.3 ಆಂಪ್ ಎಳೆಯುತ್ತವೆ. ಒಟ್ಟು 1.8 ಆಂಪ್ ಚಿಲ್ಲರೆ, ಅದೂ ಎಸಿ. ಈ ಎರಡು ತಂತಿಗಳನ್ನು ಜಡೆ ಹೆಣೆದಂತೆ ಬಿಗಿಯಾಗಿ ಸುತ್ತಿ, ಚಾಸಿಯ ಮೂಲೆಗೆ ಒತ್ತಿ ಎಳೆಯಿರಿ. ಸಾಕೆಟ್ ಹತ್ತಿರ ಬಂದಾಗ ಕೊನೆಯ ಅರ್ಧ ಇಂಚಿನವರೆಗೂ ಸುತ್ತು ಬಿಚ್ಚಬೇಡಿ. ಗ್ರಿಡ್‌ಗೆ (ವಾಲ್ವಿಗೆ ಸಿಗ್ನಲ್ ಒಳಬರುವ ಪಿನ್ನಿಗೆ) ಹೋಗುವ ತಂತಿ ಇದರ ಪಕ್ಕದಲ್ಲಿ ಹೋಗಬಾರದು. ದಾಟಲೇಬೇಕಾದರೆ ಅಡ್ಡವಾಗಿ ದಾಟಲಿ.

ಮೊದಲ ಸಲ ಆನ್ ಮಾಡುವಾಗ

ನೇರವಾಗಿ ಪ್ಲಗ್‌ಗೆ ಹಾಕಬೇಡಿ. ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವಂಥ ಸೀರೀಸ್ ಬೋರ್ಡ್, ಅಂದರೆ ಕರೆಂಟ್ ಒಂದು ಬಲ್ಬ್ ಮೂಲಕವೇ ಹಾದು ಬರುವ ಬೋರ್ಡ್, ಮಾಡಿಕೊಳ್ಳಿ. ಅದರಲ್ಲಿ 60 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಇರಬೇಕು, ಎಲ್‌ಇಡಿ ನಡೆಯುವುದಿಲ್ಲ. ವಾಲ್ವ್‌ಗಳಿಲ್ಲದೆ ಆನ್ ಮಾಡಿದಾಗ ಬಲ್ಬ್ ಒಂದು ಕ್ಷಣ ಹೊತ್ತಿ ಮಂಕಾಗಬೇಕು. ಹಾಗೇ ಪ್ರಕಾಶವಾಗಿ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ, ಆಫ್ ಮಾಡಿ ಹುಡುಕಿ. ಈಗ ಎಚ್‌ಟಿ ಅಳೆದರೆ ಪುಸ್ತಿಕೆಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಲೋಡ್ ಇಲ್ಲದ್ದರಿಂದ ಅದು ಸಹಜ. ಆದರೆ ಕೆಪಾಸಿಟರ್ ಮೇಲೆ ಬರೆದ ವೋಲ್ಟ್ ಅದಕ್ಕಿಂತ ಮೇಲಿರಲೇಬೇಕು.

ಆಫ್ ಮಾಡಿ, ಚಾರ್ಜ್ ಇಳಿಸಿ, ವಾಲ್ವ್ ಹಾಕಿ. ಸ್ಪೀಕರ್ ಜಾಗಕ್ಕೆ 8 ಓಮ್, 10 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್ ಕಟ್ಟಿ. ಯಾವ ಲೋಡೂ ಇಲ್ಲದೆ ವಾಲ್ವ್ ಆ್ಯಂಪ್ಲಿಫೈಯರ್ ನಡೆಸಬಾರದು. ಸಿಗ್ನಲ್ ಬಂದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಚಿಮ್ಮಿ ಒಳಗಿನ ಇನ್ಸುಲೇಷನ್ ಸುಟ್ಟುಹೋಗುತ್ತದೆ. ಕಿಟ್‌ನಲ್ಲಿ ಫೀಡ್‌ಬ್ಯಾಕ್ ತಂತಿ (ಔಟ್‌ಪುಟ್ಟಿನ ಸಿಗ್ನಲ್ಲನ್ನು ಸ್ವಲ್ಪ ಹಿಂದಕ್ಕೆ ಮರಳಿಸುವುದು) ಇದ್ದರೆ ಸದ್ಯಕ್ಕೆ ಜೋಡಿಸಬೇಡಿ. ಆಮೇಲೆ ಜೋಡಿಸಿದಾಗ ಕೀರಲು ಸದ್ದು ಬಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪ್ರೈಮರಿಯ ಎರಡು ತಂತಿ ಅದಲುಬದಲು ಮಾಡಿದರೆ ಸಾಕು.

ಎಲ್ಲ ಸರಿಯಿದ್ದರೆ ಬಲ್ಬ್ ತೆಗೆದು 1 ಆಂಪ್‌ನ ಸ್ಲೋ ಬ್ಲೋ ಫ್ಯೂಸ್ ಹಾಕಿ ನೇರ ಸಪ್ಲೈ ಕೊಡಿ.

ನಮ್ಮ ಕರೆಂಟಿಗೆ ತಕ್ಕ ಮಾರ್ಪಾಡು

ಈಗ ನಿಜವಾದ ಕೆಲಸ. ಚೀನಾದಿಂದ ಬರುವ ಎಷ್ಟೋ ಕಿಟ್‌ಗಳ ಟ್ರಾನ್ಸ್‌ಫಾರ್ಮರನ್ನು ಅಲ್ಲಿನ 220 ವೋಲ್ಟ್‌ಗೆ ಸುತ್ತಿರುತ್ತಾರೆ. ನಮ್ಮದು 230. ರಾತ್ರಿ ಲೋಡ್ ಇಳಿದಾಗ 240 ಮುಟ್ಟುವುದೂ ಉಂಟು. 240 ಬಂದರೆ 6.3 ವೋಲ್ಟ್ ಇರಬೇಕಾದ ಹೀಟರ್‌ಗೆ 6.9 ಹತ್ತಿರ ಹೋಗುತ್ತದೆ. ಜೊತೆಗೆ ಎಚ್‌ಟಿ ಕೂಡ ನೂರಕ್ಕೆ ಒಂಬತ್ತರಷ್ಟು ಏರುತ್ತದೆ. ವಾಲ್ವ್ ಮೊದಲ ದಿನ ಚೆನ್ನಾಗಿಯೇ ಹಾಡುತ್ತದೆ, ಆದರೆ ಬೇಗ ಸವೆಯುತ್ತದೆ. ಸಂಜೆ ಏಳಕ್ಕೆ ಒಮ್ಮೆ, ರಾತ್ರಿ ಹನ್ನೊಂದಕ್ಕೆ ಒಮ್ಮೆ ಪ್ಲಗ್ ವೋಲ್ಟೇಜ್ ಅಳೆದು ನೋಡಿ.

ಹೀಟರ್ ಮಾತ್ರ ಜಾಸ್ತಿ ಇದ್ದು ಎಚ್‌ಟಿ ಮಿತಿಯಲ್ಲಿದ್ದರೆ, ಹೀಟರಿನ ಎರಡೂ ತಂತಿಗೆ ತಲಾ 0.1 ಓಮ್, 5 ವ್ಯಾಟ್ ರೆಸಿಸ್ಟರ್ ಹಾಕಿ. ಸುಮಾರು 0.36 ವೋಲ್ಟ್ ಇಳಿಯುತ್ತದೆ. ಎರಡೂ ಜಾಸ್ತಿ ಇದ್ದರೆ ಒಳ್ಳೆಯ ದಾರಿ ಬೇರೆ ಇದೆ. ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ 0-12 ವೋಲ್ಟ್, 1 ಆಂಪ್ ಟ್ರಾನ್ಸ್‌ಫಾರ್ಮರ್ ತನ್ನಿ. ಅದರ ಪ್ರೈಮರಿಯನ್ನು ಫೇಸ್, ನ್ಯೂಟ್ರಲ್‌ಗೆ ಕೊಡಿ. 12 ವೋಲ್ಟ್ ಸುತ್ತನ್ನು ಆ್ಯಂಪ್ಲಿಫೈಯರಿಗೆ ಹೋಗುವ ಫೇಸ್ ತಂತಿಯ ಜೊತೆ ಸರಣಿಯಲ್ಲಿ, ಉಲ್ಟಾ ದಿಕ್ಕಿನಲ್ಲಿ ಸೇರಿಸಿ. 240 ಇದ್ದದ್ದು 228 ಆಗುತ್ತದೆ. ಆ್ಯಂಪ್ಲಿಫೈಯರ್ ಜೋಡಿಸುವ ಮೊದಲು ಅಳೆಯಿರಿ. ಕಡಿಮೆಯಾಗುವ ಬದಲು 252 ತೋರಿಸಿದರೆ 12 ವೋಲ್ಟ್ ಕಡೆಯ ತಂತಿಗಳನ್ನು ಅದಲುಬದಲು ಮಾಡಿ. ಇದಿಷ್ಟೂ ಮೇನ್ಸ್ ಕರೆಂಟಿನ ಕೆಲಸ, ಮುಚ್ಚಿದ ಡಬ್ಬದಲ್ಲೇ ಇರಬೇಕು. ದುಬಾರಿ ಕೆಪಾಸಿಟರ್‌ಗಳಿಗಿಂತ ಈ ಸಣ್ಣ ಟ್ರಾನ್ಸ್‌ಫಾರ್ಮರ್‌ನಿಂದ ಆಗುವ ಉಪಕಾರ ದೊಡ್ಡದು.

ಮುಂದೆ ಬಯಾಸ್, ಅಂದರೆ ಸಿಗ್ನಲ್ ಇಲ್ಲದಾಗ ವಾಲ್ವಿನಲ್ಲಿ ಹರಿಯುವ ಕರೆಂಟನ್ನು ಮಿತಿಯಲ್ಲಿಡುವುದು. ಇಎಲ್84ರ 3ನೇ ಪಿನ್ ಕ್ಯಾಥೋಡ್ (ಎಲೆಕ್ಟ್ರಾನ್‌ಗಳು ಹೊರಡುವ ಕಡೆ), 7ನೇ ಪಿನ್ ಪ್ಲೇಟ್ (ಅವು ಬಂದು ಸೇರುವ ಕಡೆ), 9ನೇ ಪಿನ್ ಸ್ಕ್ರೀನ್ ಗ್ರಿಡ್. ಕ್ಯಾಥೋಡ್ ರೆಸಿಸ್ಟರ್ 150 ಓಮ್ ಇದ್ದು ಅದರ ಮೇಲೆ 7.2 ವೋಲ್ಟ್ ತೋರಿಸಿತು ಅನ್ನಿ. 7.2 ಅನ್ನು 150ರಿಂದ ಭಾಗಿಸಿದರೆ 48 ಮಿಲಿಆಂಪ್. ಅದರಲ್ಲಿ 5 ಸ್ಕ್ರೀನ್ ಗ್ರಿಡ್‌ನದು, ಪ್ಲೇಟ್‌ಗೆ ಉಳಿದದ್ದು 43. ಪ್ಲೇಟ್‌ನಲ್ಲಿ 265 ವೋಲ್ಟ್ ಇದ್ದರೆ ಕ್ಯಾಥೋಡ್‌ನ 7 ಕಳೆದು 258. ಇವೆರಡನ್ನು ಗುಣಿಸಿದರೆ 11.1 ವ್ಯಾಟ್. ಇಎಲ್84ರ ಪ್ಲೇಟ್ ತಡೆಯುವುದು 12 ವ್ಯಾಟ್ ಮಾತ್ರ, ಹಾಗಾಗಿ ಇದು ಕ್ಷೇಮ. ಲೆಕ್ಕ 12 ದಾಟಿದರೆ ಕ್ಯಾಥೋಡ್ ರೆಸಿಸ್ಟರ್ 180 ಓಮ್‌ಗೆ ಏರಿಸಿ ಮತ್ತೆ ಅಳೆಯಿರಿ. ಕತ್ತಲಲ್ಲಿ ನೋಡಿದಾಗ ಒಳಗಿನ ಬೂದು ಬಣ್ಣದ ಪ್ಲೇಟ್ ಕೆಂಪಗೆ ಕಂಡರೆ ಲೆಕ್ಕ ಹಾಕುತ್ತಾ ನಿಲ್ಲಬೇಡಿ, ಕೂಡಲೇ ಆಫ್ ಮಾಡಿ.

ಹಮ್ಮಿಂಗ್ ಎಲ್ಲಿಂದ?

ಕಿವಿಗೊಟ್ಟರೆ ಅರ್ಧ ಉತ್ತರ ಸಿಗುತ್ತದೆ. ಹೀಟರ್‌ನಿಂದ ಬರುವುದು 50 ಹರ್ಟ್ಜ್‌ನ ತಗ್ಗು ಸದ್ದು. ಎಚ್‌ಟಿ ಫಿಲ್ಟರ್ ಸಾಲದೆ ಬರುವುದು 100 ಹರ್ಟ್ಜ್, ಅಂದರೆ ಸರಿಯಾಗಿ ಒಂದು ಸ್ಥಾಯಿ ಮೇಲೆ. ಸಂಗೀತ ಕೇಳಿ ಪಳಗಿದ ಕಿವಿಗೆ ಈ ವ್ಯತ್ಯಾಸ ಕಷ್ಟವಲ್ಲ ಅಲ್ವಾ? ಇನ್‌ಪುಟ್ ಜ್ಯಾಕ್ ಶಾರ್ಟ್ ಮಾಡಿದಾಗ ಸದ್ದು ನಿಂತರೆ ದೋಷ ಹೊರಗಿನ ಕೇಬಲ್‌ನಲ್ಲಿದೆ. ನಿಲ್ಲದಿದ್ದರೆ ಆಫ್ ಮಾಡಿ, ಇಸಿಸಿ83 ತೆಗೆದು ನೋಡಿ. ಆಗಲೂ ಇದ್ದರೆ ಔಟ್‌ಪುಟ್ ಹಂತ ಇಲ್ಲವೇ ಪವರ್ ಸಪ್ಲೈ ಕಾರಣ.

50ರ ಸದ್ದಿಗೆ ಮದ್ದು ಅಗ್ಗ. ಟ್ರಾನ್ಸ್‌ಫಾರ್ಮರಿನ ಹೀಟರ್ ಸುತ್ತಿಗೆ ಸೆಂಟರ್ ಟ್ಯಾಪ್ (ನಟ್ಟನಡುವಿನಿಂದ ತೆಗೆದ ತಂತಿ) ಇಲ್ಲದಿದ್ದರೆ ಎರಡೂ ತಂತಿಯಿಂದ ಗ್ರೌಂಡ್‌ಗೆ ತಲಾ 100 ಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿ. 100ರ ಸದ್ದಿಗೆ ಎಚ್‌ಟಿಯ ಎರಡು ಕೆಪಾಸಿಟರ್ ನಡುವಿನ ರೆಸಿಸ್ಟರ್ ತೆಗೆದು 5 ಹೆನ್ರಿ, 150 ಮಿಲಿಆಂಪ್ ಚೋಕ್ (ಕಬ್ಬಿಣದ ತಿರುಳಿಗೆ ಸುತ್ತಿದ ತಂತಿಯ ಕಾಯಿಲ್) ಹಾಕಬಹುದು. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಚೋಕ್ ಹಾಕಿದ ಮೇಲೆ ಎಚ್‌ಟಿ ಸ್ವಲ್ಪ ಏರಬಹುದು, ಬಯಾಸ್ ಲೆಕ್ಕ ಮತ್ತೆ ಮಾಡಿ. ನಿಮ್ಮ ಕಿಟ್‌ನಲ್ಲಿ ಎಸಿಯನ್ನು ಡಿಸಿ ಮಾಡುವ ಇಝಡ್81 ರೆಕ್ಟಿಫೈಯರ್ ವಾಲ್ವ್ ಇದ್ದರೆ ಸುಮ್ನೆ ಮೊದಲ ಕೆಪಾಸಿಟರ್ ದೊಡ್ಡದು ಮಾಡಬೇಡಿ. ಅದಕ್ಕೆ 50 ಮೈಕ್ರೊಫ್ಯಾರಡ್ ಮಿತಿ.

ಈಗ ನಾದ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಸಾಧ್ಯವಾದರೆ ಒಂದು ಚಾನೆಲ್‌ಗೆ ಮಾತ್ರ ಮಾಡಿ, ಇನ್ನೊಂದರ ಜೊತೆ ಹೋಲಿಸಿ ಕೇಳಿ.

ಇಎಲ್84ರ ಕ್ಯಾಥೋಡ್ ಕೆಪಾಸಿಟರ್ 100 ಮೈಕ್ರೊಫ್ಯಾರಡ್ ಇದ್ದರೆ 470 ಮೈಕ್ರೊಫ್ಯಾರಡ್, 25 ವೋಲ್ಟ್‌ನದಕ್ಕೆ ಬದಲಿಸಿ. ತಗ್ಗು ಸ್ವರಗಳಲ್ಲಿ ವಾಲ್ವ್ ಕಳೆದುಕೊಳ್ಳುತ್ತಿದ್ದ ಗೇನ್ ಮರಳಿ ಬರುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತೀರಾ ಚಿಕ್ಕದಾದರೆ ಲಾಭ ಕಡಿಮೆ. ಒಂದು ವಾಲ್ವಿನಿಂದ ಮುಂದಿನದಕ್ಕೆ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ 0.1 ಮೈಕ್ರೊಫ್ಯಾರಡ್ ಇದ್ದು, ಮುಂದಿನ ಗ್ರಿಡ್ ರೆಸಿಸ್ಟರ್ 470 ಕಿಲೊ ಓಮ್ ಆಗಿದ್ದರೆ 3.4 ಹರ್ಟ್ಜ್‌ವರೆಗೂ ಇಳಿಯುತ್ತದೆ. ಅದನ್ನು ದೊಡ್ಡದು ಮಾಡಿ ಪ್ರಯೋಜನವಿಲ್ಲ. ಒಳ್ಳೆಯ ಪಾಲಿಪ್ರೊಪಿಲಿನ್, 630 ವೋಲ್ಟ್‌ನದು ಹಾಕಿದರೆ ಮುಗಿಯಿತು.

ನನಗೆ ಇಷ್ಟವಾದ ಮಾರ್ಪಾಡು ಟ್ರಯೋಡ್ ಜೋಡಣೆ, ಅಂದರೆ ಸ್ಕ್ರೀನ್ ಗ್ರಿಡ್ಡನ್ನು ಪ್ಲೇಟಿಗೆ ಸೇರಿಸುವುದು. ಇಎಲ್84ರ 9ನೇ ಪಿನ್ನಿಗೆ ಎಚ್‌ಟಿಯಿಂದ ಬರುವ ತಂತಿ ಬಿಡಿಸಿ, 100 ಓಮ್, 1 ವ್ಯಾಟ್ ರೆಸಿಸ್ಟರ್ ಮೂಲಕ 7ನೇ ಪಿನ್ನಿಗೆ ಸೇರಿಸಿ. ಪವರ್ ಎರಡು ವ್ಯಾಟ್ ಸುಮಾರಿಗೆ ಇಳಿಯುತ್ತದೆ. ಆದರೆ ವೀಣೆಯ ತಂತಿ ಮೀಟಿದ ಮೇಲೆ ಉಳಿಯುವ ನಾದದಲ್ಲಿ, ಗಾಯಕರು ಸ್ವರದಿಂದ ಸ್ವರಕ್ಕೆ ಜಾರುವಾಗ, ಒರಟುತನ ಹೋಗಿ ತಿಳಿಯಾಗುತ್ತದೆ. ಕಛೇರಿ ಸಂಗೀತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಜೋರಾಗಿ ಸಿನಿಮಾ ಹಾಡು ಕೇಳುವ ಮನೆಯಾದರೆ ಮೊದಲಿದ್ದಂತೆಯೇ ಇರಲಿ.

ಪೆಟ್ಟಿಗೆಗೆ ಗಾಳಿ ಆಡುವ ತೂತುಗಳು ಬೇಕು. ಆದರೆ ತೂತಿಗೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹಾಕಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ, ಜಿರಳೆ ಒಳಗೆ ಸೇರಿ ಎಚ್‌ಟಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಹೀಟರ್, ಕ್ಯಾಥೋಡ್, ಪ್ಲೇಟ್ ಅಳತೆಗಳನ್ನು ಚೀಟಿಯಲ್ಲಿ ಬರೆದು ಕೆಳಗಿನ ಮುಚ್ಚಳದ ಒಳಗೆ ಅಂಟಿಸಿ. ಮುಂದೆ ವಾಲ್ವ್ ಬದಲಿಸಿದಾಗ ಈ ಮೂರನ್ನೂ ಮತ್ತೆ ಅಳೆದು, ಹಳೆಯ ಅಂಕಿಯ ಕೆಳಗೆ ತಾರೀಖಿನ ಸಮೇತ ಬರೆಯಿರಿ.