ರಿಪೋರ್ಟ್ ‘ನಾರ್ಮಲ್’ ಬಂದರೂ ಮಾತ್ರೆ ಬಿಡಬೇಡಿ

ನಮ್ಮ ಯಜಮಾನರಿಗೆ ಹಾರ್ಟ್ ಅಟ್ಯಾಕ್ ಆದಾಗ 52 ವರ್ಷ. ಒಂದು ಸ್ಟೆಂಟ್ ಹಾಕಿದರು. ಐದನೇ ದಿನ ದಾವಣಗೆರೆಯ ಮನೆಗೆ ಬಂದೆವು, ಕೈಯಲ್ಲಿ ಒಂದು ಚೀಲ ಮಾತ್ರೆ. ನಿಮ್ಮ ಮನೆಗೂ ಈಗಷ್ಟೇ ಯಾರಾದರೂ ಹೀಗೆ ಬಂದಿದ್ದರೆ, ಕೊಲೆಸ್ಟ್ರಾಲ್ ವಿಷಯದಲ್ಲಿ ನಾನು ಕಲಿತದ್ದನ್ನು ಹೇಳುತ್ತೇನೆ.

ಆ ಚೀಲದಲ್ಲಿ ಅಟೊರ್ವಾಸ್ಟಾಟಿನ್ 40 ಅಥವಾ 80, ಇಲ್ಲವೇ ರೋಸುವಾಸ್ಟಾಟಿನ್ 20 ಇರಬಹುದು. ಇವು ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ, ಸ್ಟಾಟಿನ್ ಅನ್ನುತ್ತಾರೆ. ಡೋಸ್ ಜಾಸ್ತಿ ಆಯ್ತು ಅಂತ ಗಾಬರಿ ಬೇಡ. ಅಟ್ಯಾಕ್ ಆದವರಿಗೆ ಬೇಕಂತಲೇ ಅಷ್ಟು ಕೊಡುತ್ತಾರೆ. ಕೊಲೆಸ್ಟ್ರಾಲ್ ಬಹುಪಾಲು ಊಟದಿಂದ ಬರುವುದಲ್ಲ, ನಮ್ಮ ದೇಹದಲ್ಲೇ ತಯಾರಾಗುತ್ತದೆ. ಹಾಗಾಗಿ ಎಷ್ಟೇ ಪಥ್ಯ ಮಾಡಿದರೂ ಮಾತ್ರೆ ಬೇಕೇ ಬೇಕು. ಇವೆರಡನ್ನೂ ಯಾವ ಹೊತ್ತಿಗಾದರೂ ನುಂಗಬಹುದು, ಆದರೆ ದಿನಾ ಒಂದೇ ಹೊತ್ತು ಇಟ್ಟುಕೊಂಡರೆ ಮರೆಯುವುದಿಲ್ಲ. ನಮ್ಮಲ್ಲಿ ರಾತ್ರಿ ಊಟದ ತಟ್ಟೆ ಎತ್ತುವ ಮೊದಲು.

ಅಡ್ಮಿಟ್ ಆದ ದಿನದ ರಕ್ತದ ರಿಪೋರ್ಟ್ ಜೋಪಾನ ಮಾಡಿ. ಅಟ್ಯಾಕ್ ಆಗಿ ಒಂದು ದಿನ ಕಳೆದ ಮೇಲೆ ಕೊಲೆಸ್ಟ್ರಾಲ್ ತಾನಾಗಿ ಸ್ವಲ್ಪ ಇಳಿಯುತ್ತದೆ, ಆಮೇಲೆ ನೋಡಿದರೆ ಮೊದಲು ಎಷ್ಟಿತ್ತು ಅಂತ ಸರಿಯಾಗಿ ತಿಳಿಯುವುದಿಲ್ಲ. ಇವರದು ಆ ದಿನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 148. ಆರು ವಾರಕ್ಕೆ ಮತ್ತೆ ಮಾಡಿಸಿದಾಗ 70.

ನಾವು ಎಡವಿದ್ದು ಇಲ್ಲೇ. ಲ್ಯಾಬಿನ ಹಾಳೆಯಲ್ಲಿ 70ರ ಪಕ್ಕ ‘100ಕ್ಕಿಂತ ಕಡಿಮೆ’ ಅಂತ ಅಚ್ಚಾಗಿತ್ತು. ಯಜಮಾನರು ಅದರ ಮೇಲೆ ಬೆರಳಿಟ್ಟು, "ನೋಡೇ, ನಾರ್ಮಲ್ ಬಂದಿದೆ. ಇನ್ಯಾಕೆ ಮಾತ್ರೆ?" ಅಂದರು. ನನಗೂ ಹೌದಲ್ವಾ ಅನ್ನಿಸಿತು. ಸ್ಟಾಟಿನ್ ಒಂದನ್ನು ಬಿಟ್ಟರು. ಮೂರು ತಿಂಗಳಿಗೆ 141! ಡಾಕ್ಟರು ಹಳೇ ಹಾಳೆ ತೆಗೆದು, ಆ 100ಕ್ಕೆ ಪೆನ್ನಿನಲ್ಲಿ ಗೀಟು ಎಳೆದು, ಪಕ್ಕದಲ್ಲಿ 55 ಅಂತ ಬರೆದರು. ಅಚ್ಚಾದ ಅಂಕಿ ಹೃದಯದ ತೊಂದರೆ ಇಲ್ಲದವರಿಗೆ. ಆ 70 ಮಾತ್ರೆ ಮಾಡಿದ ಕೆಲಸ, ರೋಗ ಹೋದ ಗುರುತಲ್ಲ. ಯುರೋಪಿನ ಹೃದಯ ತಜ್ಞರು 2019ರಲ್ಲಿ ಇಂಥವರಿಗೆ 55ಕ್ಕಿಂತ ಕೆಳಗೆ ಇರಬೇಕು, ಜೊತೆಗೆ ಮೊದಲಿದ್ದದ್ದರ ಅರ್ಧಕ್ಕಾದರೂ ಇಳಿಯಬೇಕು ಅಂದರು. ನಮ್ಮ ಲಿಪಿಡ್ ಅಸೋಸಿಯೇಷನ್ ಆಫ್ ಇಂಡಿಯಾ 50 ಅನ್ನುತ್ತದೆ. ನಿಮ್ಮವರಿಗೆ ಎಷ್ಟಿರಬೇಕು ಅಂತ ಡಾಕ್ಟರ ಬಾಯಿಂದಲೇ ಕೇಳಿ, ಫೈಲಿನ ಮೇಲೆ ಬರೆದಿಡಿ.

ಮತ್ತೆ ಶುರು ಮಾಡಿದ ಮೇಲೆ 68ಕ್ಕೆ ಬಂದು ನಿಂತಿತು. ಸ್ಟಾಟಿನ್ ಡೋಸ್ ದುಪ್ಪಟ್ಟು ಮಾಡಿದರೂ ಇಳಿಯುವುದು ಇನ್ನು ಸುಮಾರು 6 ಪರ್ಸೆಂಟ್ ಅಷ್ಟೇ ಅಂತೆ. ಅದಕ್ಕೇ ಎಝೆಟಿಮೈಬ್ 10 ಸೇರಿಸಿದರು. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುತ್ತದೆ. ಈಗ 52. ಇದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್ ಇವೆ, ಬೆಲೆ ಜಾಸ್ತಿ.

ಮಧ್ಯೆ ಇವರಿಗೆ ಮೀನಖಂಡ ನೋಯುತ್ತಿತ್ತು. ಸ್ಟಾಟಿನ್‌ನಿಂದ ಹಾಗಾಗಬಹುದು. ಸುಮ್ನೆ ಮಾತ್ರೆ ಬಿಡಬೇಡಿ, ಡಾಕ್ಟರಿಗೆ ಹೇಳಿ, ಸ್ನಾಯುಗಳಿಗೆ ಪೆಟ್ಟಾಗಿದೆಯಾ ಅಂತ ನೋಡಲು ಸಿಕೆ ಅನ್ನುವ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಆದರೆ ಮೈಯೆಲ್ಲ ವಿಪರೀತ ನೋವು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ ಅಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೆಮ್ಮು, ಜ್ವರಕ್ಕೆ ಬೇರೆ ಡಾಕ್ಟರ ಹತ್ತಿರ ಹೋದರೂ ಈ ಮಾತ್ರೆಯ ಹೆಸರು ಹೇಳಿ. ಕ್ಲಾರಿಥ್ರೊಮೈಸಿನ್‌ನಂಥ ಕೆಲವು ಆಂಟಿಬಯಾಟಿಕ್ ಅಟೊರ್ವಾಸ್ಟಾಟಿನ್ ಜೊತೆ ಸರಿಹೋಗುವುದಿಲ್ಲ.

ಇನ್ನು ಅಡುಗೆ. ತಿಂಗಳ ಒಂದನೇ ತಾರೀಖು ಮೂರು ಜನಕ್ಕೆ ಒಂದೂವರೆ ಲೀಟರ್ ಎಣ್ಣೆ ಬೇರೆ ಡಬ್ಬಿಗೆ ಸುರಿದಿಡುತ್ತೇನೆ. ತಲೆಗೆ ದಿನಕ್ಕೆ ಮೂರು ಟೀ ಚಮಚ ಬೀಳುತ್ತದೆ. ಮೊದಲ ತಿಂಗಳು 20ನೇ ತಾರೀಖಿಗೇ ಡಬ್ಬಿ ತಳ ಕಂಡಿತ್ತು. ಆಮೇಲೆ ಒಗ್ಗರಣೆಗೆ ಬಾಟಲಿ ಬಗ್ಗಿಸುವುದು ಬಿಟ್ಟು ಚಮಚ ಹಿಡಿದೆ. ಜೋಳದ ರೊಟ್ಟಿ, ಕಾಳುಪಲ್ಯ, ಅಗಸೆ ಚಟ್ನಿಪುಡಿ ದಿನಾ ಇರುತ್ತದೆ. ಬೆಣ್ಣೆದೋಸೆ ಊರಲ್ಲಿ ಹುಟ್ಟಿದವರಿಗೆ ದೋಸೆ ಬಿಡು ಅನ್ನುವುದು ಕಷ್ಟ. ಅಪರೂಪಕ್ಕೆ ಬೆಣ್ಣೆ ಇಲ್ಲದ ಖಾಲಿ ದೋಸೆ ತಿನ್ನುತ್ತಾರೆ. ಸಂಜೆ ಮಂಡಕ್ಕಿ ಉಂಟು, ಮೆಣಸಿನಕಾಯಿ ಬಜ್ಜಿ ಇಲ್ಲ. ಡಾಕ್ಟರು ಒಪ್ಪಿದ ಮೇಲೆ ಬೆಳಿಗ್ಗೆ ಕುಂದವಾಡ ಕೆರೆ ಕಡೆ ವಾಕಿಂಗ್.

ಒಂದು ಮಾತು ನಾನು ತಡವಾಗಿ ತಿಳಿದದ್ದು. ಅಪ್ಪನಿಗೆ 55ರ ಒಳಗೆ ಅಟ್ಯಾಕ್ ಆಗಿದ್ದರೆ ಮಕ್ಕಳದೂ ಪರೀಕ್ಷೆ ಮಾಡಿಸಬೇಕು. ಮಗನಿಗೆ 24, ಎಲ್‌ಡಿಎಲ್ 146 ಬಂತು. ಈ ಭಾನುವಾರ ಮಗಳು ಊರಿಗೆ ಬರುತ್ತಾಳೆ, ಅವಳದೂ ಮಾಡಿಸುತ್ತೇನೆ.