ಬೇಸಗೆ ರಜೆಯಲ್ಲಿ ಹುಡುಗರಿಗೆ ಬಾಸ್ಕೆಟ್‌ಬಾಲ್ ಶಿಬಿರ ನಡೆಸುವ ಬಗೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದಂತಹ ನಮ್ಮ ಕಾಸರಗೋಡಿನ ಊರುಗಳಲ್ಲಿ ಕಬಡ್ಡಿಯನ್ನೋ ವಾಲಿಬಾಲನ್ನೋ ಆಡದೆ ಬೆಳೆದ ಹುಡುಗರು ಅಪರೂಪ. ಆದರೆ ಬಾಸ್ಕೆಟ್‌ಬಾಲ್ ಇನ್ನೂ ಅಷ್ಟಾಗಿ ಬಳಕೆಗೆ ಬಂದಿಲ್ಲ. ಆದ್ದರಿಂದ ಏಪ್ರಿಲ್-ಮೇ ರಜೆಯಲ್ಲಿ ಹತ್ತು ದಿನಗಳ ಶಿಬಿರ ನಡೆಸಬೇಕೆಂದಿರುವವರು, ಬರುವ ಹುಡುಗರಲ್ಲಿ ಹೆಚ್ಚಿನವರು ಈ ಚೆಂಡನ್ನು ಮೊದಲ ಬಾರಿಗೆ ಹಿಡಿಯುವವರೆಂದು ಎಣಿಸಿಯೇ ಸಿದ್ಧತೆ ಮಾಡಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಚೆಂಡನ್ನು ಹಾಕಬೇಕಾದ ಉಂಗುರದ ಎತ್ತರ. ದೊಡ್ಡವರ ಆಟದಲ್ಲಿ ಅದು 3.05 ಮೀಟರ್, ಹನ್ನೆರಡರೊಳಗಿನ ಮಕ್ಕಳ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ 2.60 ಮೀಟರ್. ನಾನು ಮೊದಲ ವರ್ಷ ದೊಡ್ಡವರ ಎತ್ತರದಲ್ಲೇ ಉಂಗುರ ಕಟ್ಟಿಸಿದ್ದೆ. ಹತ್ತು ವರ್ಷದ ಹುಡುಗರು ಅಷ್ಟು ಮೇಲಕ್ಕೆ ಮುಟ್ಟಿಸಲಾರದೆ ಚೆಂಡನ್ನು ಸೊಂಟದ ಬಳಿಯಿಂದ ಬೀಸಿ ಎಸೆಯಲು ಕಲಿತರು, ಆ ಅಭ್ಯಾಸವನ್ನು ಬಿಡಿಸಲು ಮುಂದಿನ ವರ್ಷದ ಅರ್ಧ ಶಿಬಿರವೇ ಬೇಕಾಯಿತು. ಕಂಬದಲ್ಲಿ ಎರಡೂ ಎತ್ತರಗಳಿಗೆ ಬೋಲ್ಟಿನ ತೂತುಗಳನ್ನು ಕೊರೆಸಿಟ್ಟರೆ ಈ ತೊಂದರೆ ಇರುವುದಿಲ್ಲ. ಚೆಂಡೂ ಹಾಗೆಯೇ: ಚಿಕ್ಕವರಿಗೆ 5ನೇ ಅಳತೆಯದು ಸಾಕು, 7ನೆಯದು ಗಂಡಸರ ಆಟದ್ದು. ಇಬ್ಬರಿಗೆ ಒಂದರಂತೆ ಚೆಂಡು ಇಲ್ಲದಿದ್ದರೆ ಹುಡುಗರ ಹೊತ್ತೆಲ್ಲ ಸಾಲಿನಲ್ಲಿ ನಿಂತೇ ಕಳೆಯುತ್ತದೆ; ಅಂತಹ ಸಂದರ್ಭದಲ್ಲಿ ಹುಡುಗರ ಸಂಖ್ಯೆಯನ್ನು ಕಡಿಮೆ ಮಾಡುವುದೇ ಒಳ್ಳೆಯದು.

ಮುರಕಲ್ಲಿನ ನೆಲದಲ್ಲಿ ಸಡಿಲ ಜಲ್ಲಿ ಇದ್ದರೆ ಕಾಲು ಜಾರುತ್ತದೆ, ಚೆಂಡೂ ಅಡ್ಡಾದಿಡ್ಡಿ ಪುಟಿಯುತ್ತದೆ. ದಿನವೂ ಗುಡಿಸಬೇಕು, ಯಾರನ್ನೂ ಬರಿಗಾಲಿನಲ್ಲಿ ಆಡಿಸಬಾರದು. ಹತ್ತಿರದಲ್ಲಿ ಅಡಿಕೆ ಒಣಗಿಸುವ ಸಿಮೆಂಟು ಅಂಗಳ ಖಾಲಿಯಿದ್ದರೆ ಚೆಂಡು ಪುಟಿಸುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಕಲಿಸುವಾಗ ಹುಡುಗರು ತಮ್ಮ ಆಟಗಳಿಂದ ಏನನ್ನು ತಂದಿದ್ದಾರೆಂಬುದನ್ನು ನೋಡಿಕೊಳ್ಳಿ. ಕಬಡ್ಡಿ ಆಡುವವನಿಗೆ ಮೊಣಕಾಲು ಬಗ್ಗಿಸಿ, ಎದುರಾಳಿಯ ಮೇಲೆ ಕಣ್ಣಿಟ್ಟು ಅಡ್ಡಕ್ಕೆ ಸರಿಯುವುದು ಆಗಲೇ ಬರುತ್ತದೆ. ರಕ್ಷಣೆಯ ನಿಲುವೂ ಅದೇ, ಆದರೆ ಕೈಯಿಂದ ಹಿಡಿದರೆ ಇಲ್ಲಿ ಫೌಲ್ ಎಂಬುದನ್ನು ಮೊದಲ ದಿನವೇ ಮನದಟ್ಟು ಮಾಡಿಸಬೇಕು. ವಾಲಿಬಾಲ್ ಆಡುವವನಾದರೋ ಬಂದ ಚೆಂಡನ್ನು ಹಿಡಿಯದೆ ಕೂಡಲೇ ತಟ್ಟಿಬಿಡುತ್ತಾನೆ. ಅವನಿಗೆ ಎರಡೂ ಕೈಗಳಿಂದ ಚೆಂಡನ್ನು ಹಿಡಿದು, ಎದೆಗೆ ತಂದು, ಎರಡೂ ಪಾದಗಳನ್ನು ಒಟ್ಟಿಗೆ ಊರಿ ನಿಲ್ಲುವುದನ್ನು ಕಲಿಸುವುದಕ್ಕೇ ಮೊದಲ ಎರಡು ದಿನಗಳನ್ನು ಕೊಡಿ. ಅನಂತರ ಒಂದು ಪಾದವನ್ನು ನೆಲದಲ್ಲೇ ಇಟ್ಟು ಇನ್ನೊಂದನ್ನು ತಿರುಗಿಸುವ ಪಿವಟ್, ಎದೆಯಿಂದ ಕೊಡುವ ಪಾಸ್, ಆಮೇಲೆ ಚೆಂಡನ್ನು ಪುಟಿಸುತ್ತ ಸಾಗುವ ಡ್ರಿಬಲ್. ಉಂಗುರದ ಹತ್ತಿರಕ್ಕೆ ಓಡಿಬಂದು ಜಿಗಿದು ಚೆಂಡು ಹಾಕುವ ಲೇ-ಅಪ್ ಕಲಿಸುವಾಗ ಬಲಗೈ ಹುಡುಗನಿಗೆ ಬಲಗಾಲು, ಎಡಗಾಲು, ಜಿಗಿತ ಎಂಬ ಕ್ರಮವನ್ನು ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ, ಮೊದಲು ಚೆಂಡಿಲ್ಲದೆ ನಡೆಸಿ ತೋರಿಸುವುದು ಒಳ್ಳೆಯದು. ದೂರದ ಎಸೆತಗಳನ್ನು ಹುಡುಗರು ಎಷ್ಟೇ ಕೇಳಿದರೂ ಕೊನೆಯ ದಿನಗಳವರೆಗೆ ತಡೆಯಿರಿ.

ಒಂದೇ ಶಿಬಿರದಲ್ಲಿ ಕನ್ನಡ, ತುಳು, ಮಲಯಾಳಂ ಮನೆಮಾತಿನ ಹುಡುಗರು ಸೇರುವುದು ನಮ್ಮಲ್ಲಿ ಸಹಜ. ವಿವರಣೆಯನ್ನು ಯಾವ ಭಾಷೆಯಲ್ಲಾದರೂ ಕೊಡಬಹುದು, ಆದರೆ ಆಟದ ನಡುವೆ ಕೂಗುವ ಐದಾರು ಪದಗಳನ್ನು ಮೊದಲೇ ಗೊತ್ತುಮಾಡಿ ಎಲ್ಲರಿಂದಲೂ ಹೇಳಿಸಿ.

ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಅಭ್ಯಾಸ ಮುಗಿಯಬೇಕು. ಕರಾವಳಿಯ ಸೆಕೆಯಲ್ಲಿ ಬೆವರು ಬೇಗ ಆರುವುದಿಲ್ಲವಾದ್ದರಿಂದ ಹದಿನೈದು ನಿಮಿಷಕ್ಕೊಮ್ಮೆ ನೀರನ್ನು ಕುಡಿಸಿ, ಕೊನೆಗೆ ಉಪ್ಪು ಹಾಕಿದ ನೀರು ಮಜ್ಜಿಗೆಯನ್ನೋ ಪುನರ್ಪುಳಿ ಶರಬತ್ತನ್ನೋ ಕೊಡಿ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದ ಹುಡುಗನನ್ನು ಓಡಿಸದೆ ಅಂಕ ಬರೆಯಲು ಕೂರಿಸಿ. ಮೇ ತಿಂಗಳ ಸಂಜೆಗಳಲ್ಲಿ ಹುಡುಗರು ಆಡುತ್ತಿದ್ದರೆ, ಗುಡುಗು ಕೇಳಿದ ಕೂಡಲೇ ಕಬ್ಬಿಣದ ಕಂಬದ ಬಳಿಯಿಂದ ಎಲ್ಲರನ್ನೂ ಕಟ್ಟಡದೊಳಗೆ ಕರೆದೊಯ್ಯಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಯಾರನ್ನೂ ಹೊರಗೆ ಬಿಡಬಾರದು.

ಕೊನೆಯ ಮೂರು ದಿನ ಪಂದ್ಯಗಳಿರಲಿ. ಪೂರ್ಣ ಅಂಕಣಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಸಮತಟ್ಟು ಜಾಗ ಬೇಕು, ಅದು ಇಲ್ಲಿನ ಗುಡ್ಡಗಳ ನಡುವೆ ಸುಲಭವಾಗಿ ಸಿಗುವುದಿಲ್ಲ. ಒಂದೇ ಉಂಗುರದ, ಮೂವರ ಎದುರು ಮೂವರ ಆಟ ಅರ್ಧ ಅಂಕಣದಲ್ಲೇ ನಡೆಯುತ್ತದೆ. ಹತ್ತು ನಿಮಿಷ, ಅಥವಾ ಯಾವ ತಂಡ ಮೊದಲು 21 ಅಂಕ ಗಳಿಸುತ್ತದೋ ಅಲ್ಲಿಗೆ ಮುಗಿಯುತ್ತದೆ. ಇದಕ್ಕೆ ನಮ್ಮದೊಂದು ನಿಯಮವನ್ನು ಸೇರಿಸಬಹುದು: ತಂಡದ ಮೂವರೂ ಚೆಂಡನ್ನು ಮುಟ್ಟುವ ಮೊದಲೇ ಉಂಗುರಕ್ಕೆ ಹಾಕಿದರೆ ಅಂಕವಿಲ್ಲ.

ಶಿಬಿರ ಮುಗಿದ ಮೇಲೆ ಉಂಗುರವನ್ನು ಬಿಚ್ಚಿ ಒಳಗಿಡಬೇಡಿ. ಎರಡು ಚೆಂಡುಗಳನ್ನೂ ಗಾಳಿ ಹಾಕುವ ಪಂಪನ್ನೂ ಹತ್ತಿರದ ಮನೆಯವರ ಬಳಿ ಕೊಟ್ಟಿಟ್ಟರೆ ಮಳೆಗಾಲ ಹಿಡಿಯುವವರೆಗೆ ಹುಡುಗರು ತಾವೇ ಬಂದು ಆಡುತ್ತಾರೆ.